ಹತ್ತು ಕಳೆದರೆ ಸರಿ

ಮೀಟರಿನ ಬೆನ್ನ ಮೇಲೆ ಬೆರಳಗಲದ ಒಂದು ಸ್ಟಿಕ್ಕರ್ ಇರಬೇಕಿತ್ತು, ಇರಲಿಲ್ಲ. ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಅದೇ.

ಮೋಟಾರು ರಿಪೇರಿ ಕಾರ್ಖಾನೆಯ ಯಜಮಾನರು ಬೆಳಗ್ಗೆ ಬಂದವರೇ, ಕೈಯಲ್ಲಿದ್ದ ಊಟದ ಡಬ್ಬಿಯನ್ನೂ ಕೆಳಗಿಡದೆ, ನೇರವಾಗಿ ಟೆಸ್ಟಿಂಗ್ ರೂಮಿಗೆ ನುಗ್ಗಿದರು.

"ಏನಯ್ಯಾ ವಾಲಣ್ಣ, ನಮ್ಮ ಮೀಟರನ್ನ ಕೊನೇ ಸಲ ಚೆಕ್ ಮಾಡ್ಸಿದ್ದು ಯಾವಾಗ?"

ವಾಲಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದನ್ನ ಇಟ್ಕೊಂಡು ನಾವು ಬೇರೆಯವನ್ನ ಚೆಕ್ ಮಾಡ್ತೀವಿ ಯಜಮಾನ್ರೇ. ಇದನ್ನ ಯಾರು ಚೆಕ್ ಮಾಡ್ತಾರೆ?"

"ಅದನ್ನೇ ಆ ಪಂಪಿನ ಕಂಪನಿಯೋರೂ ಕೇಳ್ತಿರೋದು. ಸಂಜೆ ನಾಲ್ಕು ಗಂಟೆಗೆ ಅವರ ಇನ್‌ಸ್ಪೆಕ್ಟರ್ ಬರ್ತಾನಂತೆ. ಮೀಟರ್ ಸರಿಯಾಗಿದೆ ಅನ್ನೋ ಸ್ಟಿಕ್ಕರ್ ಕಾಣದಿದ್ರೆ ಅವರ ಒಂದು ಮೋಟಾರೂ ನಮ್ಮ ಗೇಟಿನೊಳಗೆ ಬರಲ್ಲ. ನಮ್ಮ ಮೀಟರ್ ಹತ್ತು ವೋಲ್ಟ್ ಹೆಚ್ಚು ತೋರ್ಸುತ್ತೆ ಅಂತ ಬೀದಿಗೆಲ್ಲಾ ಗೊತ್ತು. ಸರಿಪಡಿಸೋದಾ, ಬದಲಾಯಿಸೋದಾ? ಮಧ್ಯಾಹ್ನದೊಳಗೆ ನೀನೇ ಒಂದು ತೀರ್ಮಾನ ಮಾಡಿ ಹೇಳು."

ಇಷ್ಟು ಹೇಳಿ ಅವರು ಡಬ್ಬಿ ತೂಗಿಸಿಕೊಂಡು ಹೊರಟುಹೋದರು.

ವಾಲಣ್ಣ ಅನ್ನುವುದು ತಾಯಿ ತಂದೆ ಇಟ್ಟ ಹೆಸರಲ್ಲ, ಮೀಟರು ಇಟ್ಟ ಹೆಸರು. ಅವನು ಈ ರೂಮಿಗೆ ಕಾಲಿಟ್ಟ ಹೊಸದರಲ್ಲಿ ಅಲ್ಲೊಬ್ಬ ಹಳೇ ಮೇಸ್ತ್ರಿ ಕೂರುತ್ತಿದ್ದ. ಕೆಲಸ ಕಲಿಸಿದವನು ಅವನೇ. "ನೋಡೋ, ಈ ಮೀಟರ್ ಸ್ವಲ್ಪ ಕೊಂಕು. ಮೊದ್ಲು ಕತ್ತನ್ನ ಹೀಗೆ ಎಡಕ್ಕೆ ವಾಲಿಸು. ಇನ್ನೂ ವಾಲಿಸು. ಕಿವಿ ಹೋಗಿ ಭುಜಕ್ಕೆ ತಾಗೋ ಹಾಗಿರ್ಬೇಕು. ಈಗ ಮುಳ್ಳು ಎಲ್ಲಿದೆ ನೋಡು. ಅದರಲ್ಲಿ ಹತ್ತು ಕಳೆ. ಉಳಿದದ್ದೇ ಸತ್ಯ," ಎಂದು ಉಪದೇಶ ಕೊಟ್ಟು, ಕೆಲವು ವರ್ಷಗಳ ನಂತರ ಕೆಲಸ ಬಿಟ್ಟು ಮಗಳ ಮನೆ ಸೇರಿಕೊಂಡ. ವಾಲಣ್ಣ ಅಂದಿನಿಂದ ಇಂದಿನವರೆಗೆ ವಾಲುತ್ತಲೇ ಇದ್ದ, ಕಳೆಯುತ್ತಲೇ ಇದ್ದ. ಅವನು ಪಾಸು ಮಾಡಿದ ಮೋಟಾರು ಒಂದೇ ಒಂದು ಸಲವೂ ವಾಪಸು ಬಂದಿರಲಿಲ್ಲ.

ಆದರೆ ವಾಲಿದ ಕತ್ತು ಮಾತ್ರ ವಾಲಿಯೇ ಉಳಿಯಿತು. ಮದುವೆಯ ಫೋಟೋದಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತಿದ್ದವನು ನಂತರದ ಫೋಟೋಗಳಲ್ಲೆಲ್ಲ ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳುತ್ತಿರುವವನಂತೆ ಕಾಣುತ್ತಿದ್ದ. ಬಸ್ಸಿನಲ್ಲಿ ಪಕ್ಕದವರು, ಇವನು ತಮ್ಮ ಪೇಪರನ್ನು ಕದ್ದು ಓದುತ್ತಿದ್ದಾನೆಂದು ಪೇಪರ್ ಮಡಚಿಕೊಳ್ಳುತ್ತಿದ್ದರು. ಇದಕ್ಕೆಲ್ಲ ಅವನಿಗೆ ಬೇಸರವಿರಲಿಲ್ಲ. ಯಾಕೆಂದರೆ ಈ ವಾಲುವ, ಕಳೆಯುವ ವಿದ್ಯೆ ಕಾರ್ಖಾನೆಯಲ್ಲಿ ಅವನೊಬ್ಬನಿಗೇ ಒಲಿದಿದ್ದದ್ದು. ಅದರ ಬಲದಿಂದಲೇ ಅವನಿಗೆ ಟೆಸ್ಟಿಂಗ್ ರೂಮು ದಕ್ಕಿತ್ತು.

ಆ ರೂಮಿನ ಬೆಲೆ ಹೊರಗೆ ನಿಂತವರಿಗೇ ಗೊತ್ತು. ಹೊರಗೆ ವಾರ್ನಿಷ್ ಒಣಗಿಸುವ ಒಲೆಯ ಧಗೆ, ಸುತ್ತಿಗೆಯ ಸದ್ದು, ಗ್ರೀಸಿನ ಜಿಡ್ಡು. ಒಳಗೆ ಒಂದು ಫ್ಯಾನು, ಮುಚ್ಚಿಕೊಳ್ಳಬಹುದಾದ ಬಾಗಿಲು, ಚಕ್ರವಿರುವ ಕುರ್ಚಿ. ಮಧ್ಯಾಹ್ನ ಊಟವಾದ ಮೇಲೆ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೂ, ಕತ್ತು ವಾಲಿರುವುದರಿಂದ, ಬಾಗಿಲ ಸಂದಿಯಿಂದ ಇಣುಕಿದವರಿಗೆ ಅವನು ಮೀಟರ್ ನೋಡುತ್ತಿರುವ ಹಾಗೇ ಕಾಣುತ್ತಿತ್ತು.

ಈಗ ಮೀಟರ್ ಸರಿಪಡಿಸಿದರೆ ಕಳೆಯುವ ಕೆಲಸವಿಲ್ಲ. ಹೊಸದು ತಂದರೆ ವಾಲುವ ಕೆಲಸವೂ ಇಲ್ಲ, ಅಂಕಿ ತಾನಾಗಿಯೇ ಹೊಳೆಯುತ್ತದೆ. ಎರಡರಲ್ಲಿ ಯಾವುದು ನಡೆದರೂ, ಆ ರೂಮಿಗೆ ಕಾದು ಕೂತವನೊಬ್ಬನಿದ್ದ: ಯಜಮಾನರ ಬಾಮೈದ. ಅಕ್ಕನ ಶಿಫಾರಸಿನಿಂದ ಬಂದವನು. ವೈಂಡಿಂಗಿಗೆ ಹಾಕಿದರೆ ತಂತಿ ತುಂಡು ಮಾಡಿದ, ಸ್ಟೋರಿಗೆ ಹಾಕಿದರೆ ಬೀಗದ ಕೈಯನ್ನು ಒಳಗಿಟ್ಟು ಬೀಗ ಹಾಕಿದ. "ಅವನಿಗೆ ಕೂತು ಮಾಡೋ ಕೆಲಸ ಕೊಡಿ," ಎಂದು ಯಜಮಾನರ ಹೆಂಡತಿ ದಿನಾ ಮನೆಯಲ್ಲಿ ತಲೆ ತಿನ್ನುತ್ತಿದ್ದ ಸಂಗತಿ ಕಾರ್ಖಾನೆಗೆಲ್ಲ ಗೊತ್ತಿತ್ತು.

ಸುದ್ದಿ ಹರಡಲು ಹೊತ್ತೇನೂ ಬೇಕಾಗಲಿಲ್ಲ. ಕಾಯಿಲ್ ಸುತ್ತುವ ವೈಂಡಿಂಗ್ ಅಕ್ಕ ಕೈಯಲ್ಲಿ ತಂತಿ ಹಿಡಿದುಕೊಂಡೇ ಬಂದಳು.

"ಅಣ್ಣ, ಹೊಸದು ತರ್ಸಿಬಿಡಿ. ನಿಮ್ಮ ಕತ್ತಾದ್ರೂ ಸರಿಹೋಗುತ್ತೆ. ಪಾಪ, ನಿಮ್ಮ ಜೊತೆ ಮಾತಾಡ್ತಾ ಮಾತಾಡ್ತಾ ನಮಗೂ ವಾಲುತ್ತೆ."

ಪೇಂಟಿನವನು ಅದಕ್ಕೆ ಒಗ್ಗರಣೆ ಹಾಕಿದ. "ಯಾಕೆ ಬೇಕು ಹೊಸದು? ಅಂಕಿ ಹಲಗೆಯನ್ನ ನನಗೆ ಕೊಡಿ. ಇನ್ನೂರ ನಲ್ವತ್ತು ಇರೋ ಕಡೆ ಇನ್ನೂರ ಮೂವತ್ತು ಅಂತ ಬರ್ದುಕೊಡ್ತೀನಿ. ಟೀ ಕುಡಿಯೋದ್ರೊಳಗೆ ಒಣಗಿರುತ್ತೆ."

ಗೇಟಿನ ಕಾವಲುಗಾರ ಅಜ್ಜ ಬಂದು ಮೀಟರನ್ನು ಮೂಸಿ ನೋಡಿ, ಸುಟ್ಟ ವಾಸನೆಯಿಲ್ಲ, ಆದ್ದರಿಂದ ಕೆಟ್ಟಿಲ್ಲ ಎಂದು ತೀರ್ಪು ಕೊಟ್ಟುಹೋದ. ಅಷ್ಟರಲ್ಲಿ ಫೋನು ಬಂತು. ಮನೆಯಿಂದ ಹೆಂಡತಿ.

"ರೀ, ವೈಂಡಿಂಗ್ ಅಕ್ಕ ಫೋನ್ ಮಾಡಿದ್ರು. ಅದೇನೋ ಬದಲಾಯಿಸ್ತಾರಂತೆ? ನಿಮ್ಮನ್ನೇನೂ ಅಲ್ಲ ತಾನೇ?"

"ಮೀಟರ್ ಕಣೇ, ಮೀಟರ್!"

"ಸದ್ಯ. ಹಾಗಾದ್ರೆ ಬರ್ತಾ ಸೋಪು ತನ್ನಿ," ಎಂದು ಆಕೆ ಫೋನ್ ಇಟ್ಟಳು.

ಹನ್ನೊಂದರ ಹೊತ್ತಿಗೆ ಯಜಮಾನರು ಬಾಮೈದನ ಭುಜದ ಮೇಲೆ ಕೈಹಾಕಿಕೊಂಡು ಬಂದರು. "ನೀನು ತೀರ್ಮಾನ ಮಾಡೋದ್ರೊಳಗೆ ಇವನಿಗೂ ಸ್ವಲ್ಪ ಮೀಟರ್ ನೋಡೋದು ಕಲಿಸಿಕೊಡಯ್ಯಾ. ನಾಳೆ ನೀನು ರಜಾ ಗಿಜಾ ಹಾಕಿದ್ರೆ ಬೇಕಾಗುತ್ತೆ."

ವಾಲಣ್ಣ ತನ್ನ ಸರ್ವೀಸಿನಲ್ಲಿ ಒಂದು ದಿನವೂ ರಜಾ ಹಾಕಿದವನಲ್ಲ. ಈ ಮಾತಿನ ಹಿಂದಿನ ಮಾತು ಅವನಿಗೆ ಚೆನ್ನಾಗಿ ತಿಳಿಯಿತು. ಕಲಿಸುವುದಿಲ್ಲ ಅನ್ನುವಂತಿಲ್ಲ. ಸರಿ, ಈ ಜನ್ಮದಲ್ಲಿ ಮತ್ತೆ ಮೀಟರಿನ ಹತ್ತಿರ ಸುಳಿಯದ ಹಾಗೆ ಕಲಿಸುತ್ತೇನೆ ಎಂದು ಅವನು ಮನಸ್ಸಿನಲ್ಲೇ ಪಂಚೆ ಬಿಗಿದ.

"ಕೂತ್ಕೊಳ್ಳಿ. ಬೆನ್ನು ನೆಟ್ಟಗಿರ್ಲಿ. ಕತ್ತು ಎಡಕ್ಕೆ. ಇನ್ನೂ. ಇನ್ನೂ ಸ್ವಲ್ಪ."

"ಇನ್ನು ವಾಲಿದ್ರೆ ತಲೆ ಕಳಚಿ ಬೀಳುತ್ತಣ್ಣ."

"ನಂದೇನು ಬಿದ್ದಿದ್ಯಾ? ಕಿವಿ ಭುಜಕ್ಕೆ ತಾಗ್ಬೇಕು. ಹಾಂ. ಅಲ್ಲಾಡ್ಬೇಡಿ. ಈಗ ಮುಳ್ಳು ಎಷ್ಟರಲ್ಲಿದೆ?"

"ಇನ್ನೂರ ನಲ್ವತ್ತು."

"ಹತ್ತು ಕಳೀರಿ."

ಬಾಮೈದ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, "ಇನ್ನೂರ ಮೂವತ್ತು," ಎಂದ. ವಾಲಣ್ಣ ಅವನನ್ನು ಅಷ್ಟಕ್ಕೆ ಬಿಡಲಿಲ್ಲ. ಮತ್ತೆ ಎಂದ, ಇನ್ನೊಮ್ಮೆ ಎಂದ, ಕತ್ತು ಸಡಿಲಿಸಬೇಡಿ ಎಂದ. ವೋಲ್ಟೇಜ್ ಏರಿಸುವ ಗುಂಡಿಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಮಧ್ಯಾಹ್ನದ ಗಂಟೆ ಹೊಡೆದಾಗ ಬಾಮೈದ ಏಳಲು ಹೋಗಿ, "ಅಯ್ಯೋ!" ಎಂದು ಚೀರಿದ. ಕತ್ತು ಹಿಡಿದುಕೊಂಡುಬಿಟ್ಟಿತ್ತು. ಎಡಕ್ಕೆ ವಾಲಿದ್ದು ಹಾಗೇ ನಿಂತಿತ್ತು. ಇಬ್ಬರು ಸೇರಿ ಅವನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ, ಬಿಸಿನೀರಿನ ಚೀಲ ಕೊಟ್ಟು ಮಲಗಿಸಿದರು. ವಾಲಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಇನ್ನು ಉಳಿದದ್ದು ಸ್ಟಿಕ್ಕರು. ಅವನು ಮೀಟರನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಆಸ್ಪತ್ರೆಗೆ ಒಯ್ಯುವವನಂತೆ ಎದೆಗವಚಿಕೊಂಡು, ಎರಡು ಬೀದಿ ಆಚೆಯಿದ್ದ ಮೀಟರ್ ಪರೀಕ್ಷೆಯ ಅಂಗಡಿಗೆ ಹೋದ. ಅಲ್ಲಿ ಮೇಜಿನ ಹಿಂದೆ ದಪ್ಪ ಕನ್ನಡಕದ ಮೇಡಂ ಒಬ್ಬರಿದ್ದರು. ಅವರ ಮುಂದೆ ಗೋಡೆಯುದ್ದಕ್ಕೂ ಮಿನುಗುವ ಯಂತ್ರಗಳು.

"ಇದು ಹತ್ತು ಹೆಚ್ಚು ತೋರ್ಸುತ್ತೆ ಮೇಡಂ," ಎಂದು ವಾಲಣ್ಣ ದನಿ ತಗ್ಗಿಸಿದ. "ಪೂರ್ತಿ ಸರಿಮಾಡ್ಬೇಡಿ. ಒಂದು ಐದು ಹಾಗೇ ಬಿಡೋಕಾಗುತ್ತಾ? ಒಂದು ಸ್ಟಿಕ್ಕರ್ ಮಾತ್ರ ಅಂಟಿಸಿಕೊಟ್ರೆ ಸಾಕು."

ಮೇಡಂ ಅವನನ್ನು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿ, ಮೀಟರಿಗೆ ತಂತಿ ಸಿಕ್ಕಿಸಿದರು. ಗುಂಡಿ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಯಾರ್ರೀ ಹೇಳಿದ್ದು ಹತ್ತು ಹೆಚ್ಚು ಅಂತ? ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಇಷ್ಟು ನಿಯತ್ತಿನ ಮೀಟರ್ ನಾನು ಈ ವರ್ಷ ನೋಡೇ ಇಲ್ಲ."

"ಛೇ, ಸರಿಯಾಗಿ ನೋಡಿ ಮೇಡಂ," ಎನ್ನುತ್ತ ವಾಲಣ್ಣ ಬಗ್ಗಿದ, ವಾಲಿದ. "ಇಲ್ನೋಡಿ, ಇನ್ನೂರ ನಲ್ವತ್ತು!"

"ಹಾಗೆ ಪಕ್ಕದಿಂದ ಇಣುಕಿದ್ರೆ ಇನ್ನೇನು ಕಾಣುತ್ತೆ? ಮುಳ್ಳು ಹಲಗೆಗಿಂತ ಮೇಲಿರುತ್ತೆ. ಎಡಗಡೆಯಿಂದ ನೋಡಿದ್ರೆ ಬಲಕ್ಕೆ ಸರಿದ ಹಾಗೆ ಕಾಣುತ್ತೆ. ಅದಕ್ಕೇ ತಾನೇ ಕೆಳಗೆ ಕನ್ನಡಿ ಪಟ್ಟಿ ಕೊಟ್ಟಿರೋದು? ಮುಳ್ಳು, ಅದರ ಪ್ರತಿಬಿಂಬ ಎರಡೂ ಒಂದಾಗೋ ಹಾಗೆ ನೆಟ್ಟಗೆ ಮೇಲಿಂದ ನೋಡ್ಬೇಕು."

ಮುಳ್ಳಿನ ಕೆಳಗಿನ ಆ ಬಾಗಿದ ಕನ್ನಡಿ ಪಟ್ಟಿಯಲ್ಲಿ ವಾಲಣ್ಣ ಇಷ್ಟು ವರ್ಷ ಮೀಸೆ ತಿದ್ದಿಕೊಂಡು ಬಂದಿದ್ದ. ಮೀಟರು ಮಾಡಿದವನು ಶೋಕಿಯ ಮನುಷ್ಯನಿರಬೇಕೆಂದು ಅವನ ಬಗ್ಗೆ ಒಂದು ಗೌರವವನ್ನೂ ಇಟ್ಟುಕೊಂಡಿದ್ದ. ಈಗ ಮೇಡಂ ತಮ್ಮ ಎರಡೂ ಕೈಗಳಿಂದ ಅವನ ತಲೆಯನ್ನು ಹಿಡಿದು, ಕಿಟಕಿಯ ಚೌಕಟ್ಟು ಕೂರಿಸುವವರಂತೆ ನೆಟ್ಟಗೆ ನಿಲ್ಲಿಸಿದರು. ಕತ್ತಿನಲ್ಲಿ ಲಟಕ್ಕೆಂದು ಸದ್ದಾಯಿತು. ಮುಳ್ಳು ಇನ್ನೂರ ಮೂವತ್ತರ ಮೇಲೆ ಶಾಂತವಾಗಿ ನಿಂತಿತ್ತು.

ಆಗ ಅವನಿಗೆ ಹಳೇ ಮೇಸ್ತ್ರಿ ಕಣ್ಣ ಮುಂದೆ ಬಂದ. ಮೇಸ್ತ್ರಿಯದು ಹುಟ್ಟಿನಿಂದಲೇ ಎಡಕ್ಕೆ ಸೊಟ್ಟಗಾದ ಕತ್ತು! ಯಾರಾದರೂ ಕರೆದರೆ ಇಡೀ ಮೈಯನ್ನೇ ಲಾರಿಯ ಹಾಗೆ ತಿರುಗಿಸುತ್ತಿದ್ದ. ಪಾಪ, ತನ್ನ ಕತ್ತಿನ ಕೊಂಕನ್ನು ಮೀಟರಿನ ಕೊಂಕು ಅಂದುಕೊಂಡು, ಹತ್ತು ಕಳೆದು ಲೆಕ್ಕ ಸರಿಮಾಡಿಕೊಂಡಿದ್ದ. ಅದನ್ನೇ ಶಿಷ್ಯನಿಗೂ ದಾಟಿಸಿದ್ದ. ವಾಲಿದ್ದೂ ತಪ್ಪು, ಕಳೆದದ್ದೂ ತಪ್ಪು, ಎರಡೂ ಸೇರಿ ಇಷ್ಟು ವರ್ಷ ಸರಿಯಾದ ಉತ್ತರ ಬರುತ್ತಿತ್ತು. ನೆಟ್ಟಗಿದ್ದ ಕತ್ತನ್ನು ಸುಮ್ಮಸುಮ್ಮನೆ ವಾಲಿಸಿಕೊಂಡೆನಲ್ಲ ಎಂದು ವಾಲಣ್ಣನಿಗೆ ಒಂದು ಕ್ಷಣ ಅಳುವೇ ಬಂತು.

ಆದರೆ ಮೇಡಂ ಸ್ಟಿಕ್ಕರ್ ಅಂಟಿಸಿ ಕೊಟ್ಟೊಡನೆ ಆ ಅಳು ಎಲ್ಲಿ ಹೋಯಿತೋ. ದಾರಿಯುದ್ದಕ್ಕೂ ಅವನ ಕಾಲು ನೆಲದ ಮೇಲಿರಲಿಲ್ಲ. ಸರಿಪಡಿಸುವುದೂ ಬೇಡ, ಬದಲಾಯಿಸುವುದೂ ಬೇಡ. ಮೀಟರೂ ಉಳಿಯಿತು, ರೂಮೂ ಉಳಿಯಿತು. ಕನ್ನಡಿ ಪಟ್ಟಿಯ ಗುಟ್ಟು ತನಗೊಬ್ಬನಿಗೇ ಗೊತ್ತು, ಅದನ್ನು ಯಾರಿಗೂ ಬಿಟ್ಟುಕೊಡಬಾರದು. ಇನ್ನು ಮೇಲೆ ದೊಡ್ಡ ಮನುಷ್ಯನ ಹಾಗೆ ನೆಟ್ಟಗೆ ಕೂತು ನೋಡಬೇಕು. ಇನ್‌ಸ್ಪೆಕ್ಟರ್ ಬೆರಗಾಗಬೇಕು.

"ಏನಂತಯ್ಯಾ?" ಎಂದರು ಕಾರ್ಖಾನೆಯ ಬಾಗಿಲಲ್ಲೇ ಕಾದಿದ್ದ ಯಜಮಾನರು.

"ಸ್ಟಿಕ್ಕರ್ ನೋಡಿ ಯಜಮಾನ್ರೇ. ಇನ್ನು ನನಗೆ ಬಿಡಿ."

ಯಜಮಾನರು ಸ್ಟಿಕ್ಕರನ್ನು ಉಗುರಿನಿಂದ ಕೆರೆದು, ಗಟ್ಟಿಯಾಗಿ ಅಂಟಿದೆ ಎಂದು ಖಾತ್ರಿಯಾದ ಮೇಲೆ, ಬೇರೇನೂ ಕೇಳಲಿಲ್ಲ. ಬಾಮೈದ ಸ್ಟೋರಿನಲ್ಲಿ ಬಿಸಿನೀರಿನ ಚೀಲದ ಮೇಲೆ ಗೊರಕೆ ಹೊಡೆಯುತ್ತಿದ್ದ.

ನಾಲ್ಕಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಬಂದ. ಮಾತಿಗೆ ಬರಗಾಲ ಬಂದವನಂಥ ಸಣಕಲು ಮನುಷ್ಯ. ಕಂಕುಳಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಅವನದೇ ಹೊಳೆಯುವ ಮೀಟರು. ಸ್ಟಿಕ್ಕರ್ ನೋಡಿ ತಲೆಯಾಡಿಸಿದ. ತನ್ನ ಮೀಟರನ್ನು ಅದೇ ತಂತಿಗೆ ಸಿಕ್ಕಿಸಿ, ಅಂಕಿ ತನಗೊಬ್ಬನಿಗೇ ಕಾಣುವಂತೆ ತಿರುಗಿಸಿಕೊಂಡು, ವಾಲಣ್ಣನಿಗೆ "ಹೇಳಿ" ಎಂದ. ಯಜಮಾನರು, ವೈಂಡಿಂಗ್ ಅಕ್ಕ, ಪೇಂಟಿನವನು, ಕಾವಲುಗಾರ ಅಜ್ಜ, ಎಲ್ಲರೂ ಬಾಗಿಲಲ್ಲಿ ಮುಗಿಬಿದ್ದು ನಿಂತಿದ್ದರು.

ವಾಲಣ್ಣ ಮೀಸೆ ನೀವಿಕೊಂಡು ನೆಟ್ಟಗೆ ಕೂತ. ಮುಳ್ಳು, ಬಿಂಬ ಒಂದಾದವು. ಇನ್ನೂರ ಮೂವತ್ತು. ಆದರೆ ಕಣ್ಣಿಗೂ ಬಾಯಿಗೂ ನಡುವೆ ಇಷ್ಟು ವರ್ಷಗಳ ಅಭ್ಯಾಸ ಕೂತಿತ್ತಲ್ಲ, ಅದು ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತು.

"ಇನ್ನೂರ ಇಪ್ಪತ್ತು!" ಎಂದ ಗಟ್ಟಿಯಾಗಿ.

ಇನ್‌ಸ್ಪೆಕ್ಟರನ ಒಂದು ಹುಬ್ಬು ಮೇಲೇರಿತು. "ಇನ್ನೊಮ್ಮೆ ನೋಡಿ."

ಅಯ್ಯೋ, ಕಳೆದುಬಿಟ್ಟೆ! ಈ ಸಲ ಕಳೆಯಬಾರದು, ಏನೇ ಆದರೂ ಕಳೆಯಬಾರದು ಎಂದು ವಾಲಣ್ಣ ಹಲ್ಲು ಕಚ್ಚಿಕೊಂಡು ಮೀಟರಿಗೆ ಬಗ್ಗಿದ. ಗಮನವೆಲ್ಲ ನಾಲಿಗೆಯ ಮೇಲಿದ್ದಾಗ ಕತ್ತು ಸದ್ದಿಲ್ಲದೆ ತನ್ನ ಹಳೆಯ ಜಾಗಕ್ಕೆ ಜಾರಿತು.

"ಇನ್ನೂರ ನಲ್ವತ್ತು!"

ಎರಡನೆಯ ಹುಬ್ಬೂ ಮೇಲೇರಿತು. ಬಾಗಿಲಲ್ಲಿ ಗುಸುಗುಸು ಶುರುವಾಯಿತು. "ನಾನು ಬೆಳಗ್ಗೇನೇ ಹೇಳಿದ್ದೆ, ಹೊಸದಾಗಿ ಅಂಕಿ ಬರೆಸಿ ಅಂತ," ಎಂದ ಪೇಂಟಿನವನು. ವಾಲಣ್ಣನಿಗೆ ಈಗ ಕತ್ತು ಯಾವುದು, ನಾಲಿಗೆ ಯಾವುದು ತಿಳಿಯದಾಯಿತು. ವಾಲಿದರೆ ಕಳೆಯಬೇಕೋ, ಕಳೆದರೆ ವಾಲಬೇಕೋ? ಹೇಗೂ ಉತ್ತರ ಗೊತ್ತಿದೆಯಲ್ಲ ಎಂದು ಕಣ್ಣು ಮುಚ್ಚಿಕೊಂಡು, "ಇನ್ನೂರ ಮೂವತ್ತು! ಖಂಡಿತ ಇನ್ನೂರ ಮೂವತ್ತು!" ಎಂದು ಕೂಗಿದ.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಗುಂಡಿ ತಿರುಗಿಸಿ ಇನ್ನೂರಕ್ಕೆ ಇಳಿಸಿಬಿಟ್ಟಿದ್ದ.

"ಸ್ಟಿಕ್ಕರ್ ಸರಿಯಾಗಿದೆ," ಎಂದ ಇನ್‌ಸ್ಪೆಕ್ಟರ್ ಪೆಟ್ಟಿಗೆ ಮುಚ್ಚುತ್ತ. ಅವನ ಮಟ್ಟಿಗೆ ಅದು ಭಾಷಣ. "ಮೀಟರ್ ಕೆಟ್ಟಿದೆಯೋ, ನೋಡೋರು ಕೆಟ್ಟಿದಾರೋ ತಿಳೀತಿಲ್ಲ. ನಾನು ಬರ್ತೀನಿ."

ಯಜಮಾನರು ಅವನಿಗೆ ಅಡ್ಡ ನಿಂತರು. ಪಂಪಿನ ಕಂಪನಿಯ ಕೆಲಸ ಕೈತಪ್ಪಿದರೆ ಕಾರ್ಖಾನೆಯಲ್ಲಿ ಅರ್ಧ ಜನಕ್ಕೆ ಕೆಲಸವಿಲ್ಲ. ಆಗ ವೈಂಡಿಂಗ್ ಅಕ್ಕ ಮೂಗು ತೂರಿಸಿದಳು. "ಯಜಮಾನ್ರೇ, ಬೆಳಗ್ಗೆಯೆಲ್ಲ ಅಣ್ಣನ ಹತ್ರ ಪಾಠ ಹೇಳಿಸ್ಕೊಂಡಿದಾರಲ್ಲ ನಿಮ್ಮ ಬಾಮೈದ, ಅವರನ್ನೊಂದು ಸಲ ಕೂರಿಸಿ ನೋಡಿ."

ಬಾಮೈದನನ್ನು ನಿದ್ದೆಯಿಂದ ಎಬ್ಬಿಸಿ ತಂದರು. ಕಣ್ಣು ಅರ್ಧ ತೆರೆದಿತ್ತು, ಕತ್ತು ಪೂರ್ತಿ ವಾಲಿತ್ತು. ನೆಟ್ಟಗೆ ಮಾಡಿಕೊ ಎಂದು ಯಾರಾದರೂ ಸಾವಿರ ಕೊಟ್ಟರೂ ಅವನಿಂದ ಆಗುವಂತಿರಲಿಲ್ಲ. ಕುರ್ಚಿಯಲ್ಲಿ ಕೂತ. ಕಿವಿ ಆಗಲೇ ಭುಜದ ಮೇಲಿತ್ತು. ಇನ್ನೂರ ಹತ್ತು ಕಂಡಿತು. ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಇನ್ನೂರು," ಎಂದ ಆಕಳಿಸುತ್ತ.

ಇನ್‌ಸ್ಪೆಕ್ಟರ್ ತನ್ನ ಮೀಟರ್ ನೋಡಿಕೊಂಡ. ಗುಂಡಿ ತಿರುಗಿಸಿದ.

"ನೂರ ಎಂಬತ್ತು."

ಮತ್ತೆ ತಿರುಗಿಸಿದ.

"ಇನ್ನೂರ ಮೂವತ್ತು. ಅಣ್ಣ, ಸಾಕಾ? ಕತ್ತು ನೋಯ್ತಿದೆ."

ಇನ್‌ಸ್ಪೆಕ್ಟರ್ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕು ಅವನ ಕೈ ಕುಲುಕಿದ. "ಮೀಟರ್ ಬದಲಾಯಿಸ್ಬೇಡಿ. ಮುಟ್ಟಲೂಬೇಡಿ. ನಮ್ಮ ಮೋಟಾರನ್ನೆಲ್ಲ ಇವರೇ ಟೆಸ್ಟ್ ಮಾಡ್ಲಿ," ಎಂದು ಹೇಳಿ ಹೊರಟ. ಯಜಮಾನರು ಗೇಟಿನವರೆಗೆ ಅವನ ಪೆಟ್ಟಿಗೆ ಹೊತ್ತರು.

ವಾಪಸು ಬಂದಾಗ ವಾಲಣ್ಣ ಅವರನ್ನು ಕಂಬದ ಮರೆಗೆ ಕರೆದ. "ಯಜಮಾನ್ರೇ, ಆ ಮೀಟರ್ ಸರಿಯಾಗೇ ಇದೆ. ಅದನ್ನ ನೆಟ್ಟಗೆ ಕೂತು ನೋಡ್ಬೇಕು, ಹತ್ತು ಕಳೀಲೂಬಾರ್ದು. ನಿಮ್ಮ ಬಾಮೈದ ನೋಡ್ತಿರೋದು ತಪ್ಪು. ಉತ್ತರ ಹೇಗೋ ಸರಿ ಬಂತು ಅಷ್ಟೇ."

ಯಜಮಾನರು ಅವನನ್ನು ಕನಿಕರದಿಂದ ನೋಡಿದರು. "ಅವನು ತಪ್ಪು ನೋಡಿ ಸರಿ ಹೇಳ್ತಾನೆ, ನೀನು ಸರಿ ನೋಡಿ ತಪ್ಪು ಹೇಳ್ತೀಯ. ಯಾರನ್ನ ಇಟ್ಕೊಳ್ಲಯ್ಯಾ ನಾನು? ಹೋಗ್ಲಿ, ಬೇಜಾರು ಮಾಡ್ಕೋಬೇಡ. ಶಿಷ್ಯ ಗೆದ್ದ ಅಂದ್ರೆ ನೀನೇ ಗೆದ್ದ ಹಾಗೆ. ನಾಳೆಯಿಂದ ವಾರ್ನಿಷ್ ಒಲೆ ನೋಡ್ಕೋ." ಎರಡು ಹೆಜ್ಜೆ ಹೋದವರು ತಿರುಗಿ ನಿಂತು ಸ್ಟೋರಿನ ಕಡೆ ಕೂಗಿದರು: "ಯಾರಲ್ಲಿ? ಆ ಬಿಸಿನೀರಿನ ಚೀಲ ಎತ್ತಿಟ್ಬಿಡಿ! ಅವನ ಕತ್ತಿಗೆ ಎಣ್ಣೆ ಗಿಣ್ಣೆ ಏನೂ ಹಚ್ಬಾರ್ದು!"

ಕಾರ್ಖಾನೆ ಬಿಡುವ ಹೊತ್ತಿಗೆ ಟೆಸ್ಟಿಂಗ್ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ಚಕ್ರದ ಕುರ್ಚಿಯಲ್ಲಿ ಬಾಮೈದ ವಾಲಿಕೊಂಡು ಕೂತಿದ್ದ. ಪೇಂಟಿನವನು ಬಾಗಿಲಲ್ಲಿ ಇಣುಕಿ, "ಬರ್ತೀನಿ ವಾಲಣ್ಣ," ಎಂದ. ಹೊರಗೆ ಹೋಗುತ್ತಿದ್ದ ಹಳೆಯ ವಾಲಣ್ಣ ಅಭ್ಯಾಸಬಲದಿಂದ "ಹೂಂ" ಅಂದ. ಪೇಂಟಿನವನು ಹೇಳಿದ್ದು ಅವನಿಗಲ್ಲ.

ಮನೆಯ ಬಾಗಿಲು ತೆರೆದ ಹೆಂಡತಿ ಅವನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ಏನ್ರೀ ಇದು! ಕತ್ತು ನೆಟ್ಟಗಾಗಿದೆ! ಎಷ್ಟು ಚೆನ್ನಾಗಿ ಕಾಣ್ತೀರಿ!" ಖುಷಿಯಿಂದ ಅವನ ಸುತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ ನೆನಪಾಯಿತು. "ಕೊನೆಗೇನಾಯ್ತು? ಸರಿಪಡಿಸಿದ್ರಾ, ಬದಲಾಯಿಸಿದ್ರಾ?"

ಅವನು ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ, ಮದುವೆಯ ಫೋಟೋದಲ್ಲಿದ್ದಷ್ಟೇ ನೆಟ್ಟಗೆ ಕೂತ.

"ಎರಡೂ ಆಯ್ತು ಕಣೇ," ಎಂದ. "ಮೀಟರಿಗಲ್ಲ, ನನಗೆ."

ಆಕೆ ಅವನ ಖಾಲಿ ಕೈ ನೋಡಿ, ಸೋಪು ಎಲ್ಲಿ ಎಂದು ಕೇಳಿದಳು. ಅವನು ಅದನ್ನು ಮರೆತೇಬಿಟ್ಟಿದ್ದ.